ಹಿರೇಬಾವಿಯ ಟ್ಯೂಬು

ನಾನು ಒಂದು ಟ್ಯೂಬು. ಟ್ರ್ಯಾಕ್ಟರಿನ ಮುಂದಿನ ಗಾಲಿಯೊಳಗೆ ಇರುವ ಕರಿ ರಬ್ಬರಿನ ಟ್ಯೂಬು. ದೂರದ ಯಾವುದೋ ಕಾರ್ಖಾನೆಯಲ್ಲಿ, ಕಾದ ಅಚ್ಚಿನೊಳಗೆ ಹುಟ್ಟಿದೆ. ಹುಟ್ಟಿದೊಡನೆ ನನಗೆ ಗಾಳಿ ತುಂಬಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ಎಲ್ಲಿಯೂ ಗುಳ್ಳೆ ಏಳಲಿಲ್ಲ. ಒಬ್ಬಾತ ಸುಣ್ಣದ ಗೀಟು ಎಳೆದು ಪಕ್ಕಕ್ಕಿಟ್ಟ. ಗಾಳಿ ಹಿಡಿದುಕೊಂಡಿರುವುದು ಬಿಟ್ಟು ಬೇರೇನನ್ನೂ ನನ್ನಿಂದ ಯಾರೂ ಎಂದೂ ಕೇಳಿಲ್ಲ. ಅಷ್ಟಾದರೂ ನನ್ನಿಂದ ಆದೀತೇ ಎಂಬ ಅನುಮಾನ ಅಂದೇ ಹುಟ್ಟಿತು, ಇಂದಿಗೂ ಹೋಗಿಲ್ಲ.

ಮೊದಲ ವರ್ಷಗಳನ್ನು ಕತ್ತಲಲ್ಲೇ ಕಳೆದೆ. ರಾಚಪ್ಪ ಎಂಬವರ ಟ್ರ್ಯಾಕ್ಟರು ಕಬ್ಬಿನ ಟ್ರಾಲಿ ಎಳೆಯುವಾಗ ರಸ್ತೆಯ ಒಂದೊಂದು ಕಲ್ಲೂ ಮೈಗೆ ತಿಳಿಯುತ್ತಿತ್ತು, ರಸ್ತೆ ಮಾತ್ರ ಕಾಣುತ್ತಿರಲಿಲ್ಲ. ಹೊರಗಿನ ಲೋಕದ ಸುದ್ದಿಯನ್ನು ಜಾಲಿಮುಳ್ಳೇ ತಂದು ಹೇಳಬೇಕಿತ್ತು. ಮುಳ್ಳು ಚುಚ್ಚಿದಾಗಲೆಲ್ಲ ಮೌಲಾಸಾಬನ ಪಂಚರ್ ಅಂಗಡಿಗೆ ಹೋಗುತ್ತಿದ್ದೆ. ಒಂದು ದಿನ ರಾಚಪ್ಪ, “ಇದಕ್ಕ ತ್ಯಾಪಿ ಹಚ್ಚಿ ಹಚ್ಚಿ ಸಾಕಾತು, ಹೊಸಾದ ಹಾಕು” ಎಂದರು. ನಾನು ಅಂಗಡಿಯ ಹಿಂದಿನ ರಾಶಿಗೆ ಬಿದ್ದೆ.

ಅಲ್ಲಿಂದ ನನ್ನನ್ನು ಎತ್ತಿದವರು ಬಾರಕೇರ ಮಾಸ್ತರರು. ಊರ ಶಾಲೆಯಲ್ಲಿ ಆಟ ಕಲಿಸುವವರು.

“ಎದಕ್ರೀ ಸರ ಈ ಟೂಬು? ಮನ್ಯಾಗ ಅಕ್ಕಾರು ಮಲಗಾಕ ಗಾದಿ ಕೊಡಲಿಲ್ಲೇನು?” ಎಂದು ಮೌಲಾಸಾಬ ನಕ್ಕ.

“ಹುಡುಗೂರಿಗೆ ಈಸ ಕಲಸತೇನೋ ಮಾರಾಯಾ. ಸೂಟಿ ಬಿಟ್ಟ ಕೂಡ್ಲೆ ಹಿರೇಬಾವಿಗೆ ಓಡತಾವು. ಬ್ಯಾಡಂದ್ರ ಕೇಳೂದಿಲ್ಲ. ಬೀಳೂದಂತೂ ಬೀಳತಾವು, ಕಲತರ ಬೀಳಲಿ.”

ಮೌಲಾಸಾಬ ನನ್ನನ್ನು ನೀರಲ್ಲಿ ಮುಳುಗಿಸಿದ. ಹಳೆಯ ತ್ಯಾಪೆಯ ಅಂಚಿನಿಂದ ಒಂದು ಗುಳ್ಳೆ ಎದ್ದಿತು. ಅವನು ಮತ್ತೆ ಉಜ್ಜಿ, ಅಂಟು ಹಚ್ಚಿ, ಒತ್ತಿ ಹಿಡಿದ. “ಗಟ್ಟಿ ಆತು ಸರ. ಆದ್ರ ಇದು ರಬ್ಬರ್ ಐತಿ, ದೇವರಲ್ಲ” ಎಂದ. ಆ ಮಾತನ್ನು ನಾನು ಮರೆಯಲಿಲ್ಲ.

ಬೇಸಿಗೆ ರಜೆಯೆಂದರೆ ಉಳಿದ ಮಾಸ್ತರರು ಪೇಪರ್ ತಿದ್ದಲು ಜಿಲ್ಲೆಗೆ ಹೋಗುತ್ತಿದ್ದರು, ಇಲ್ಲವೇ ಮಾವನ ಮನೆಗೆ. ಬಾರಕೇರ ಮಾಸ್ತರರು ಬಾವಿಗೆ ಬರುತ್ತಿದ್ದರು. ಹಿರೇಬಾವಿ ಚೌಕಾಕಾರದ ಕಲ್ಲಿನ ಬಾವಿ. ಒಂದು ಕಡೆ ಮೆಟ್ಟಿಲು, ಎದುರಿಗೆ ನೇರ ಗೋಡೆ, ನಡುವೆ ಹಸಿರು ನೀರು. ಮಾಸ್ತರರು ನನಗೆ ಹಗ್ಗ ಕಟ್ಟಿ, ನಡುವೆ ಒಂದು ಮಗುವನ್ನು ಕೂರಿಸಿ ನೀರಿಗೆ ಬಿಡುತ್ತಿದ್ದರು. ಆಮೇಲೆ ಹೊರಗಿನಿಂದ ಹಿಡಿಸುತ್ತಿದ್ದರು. ಆಮೇಲೆ ಸದ್ದಿಲ್ಲದೆ ನನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

“ಬಿಡಬ್ಯಾಡ್ರಿ ಸರ! ಯವ್ವಾ, ಬಿಡಬ್ಯಾಡ್ರೀ!”

“ಬಿಟ್ಟು ಯಾವಾಗೋ ಆತಲೇ. ಹಿಂದ ನೋಡು.”

ಎದುರಿನ ಗೋಡೆಯನ್ನು ಒಬ್ಬನೇ ಮುಟ್ಟಿ ಬಂದ ದಿನ ಆ ಮಗುವಿನ ತಾಯಿ ಬಂದು ಬಾವಿಯ ಮೆಟ್ಟಿಲಿಗೆ ತೆಂಗಿನಕಾಯಿ ಒಡೆಯಬೇಕು. ಅದು ಆ ಊರಿನ ಪದ್ಧತಿ. ಚೂರುಗಳನ್ನು ಎಲ್ಲರೂ ಕಿತ್ತಾಡಿ ತಿನ್ನುತ್ತಿದ್ದರು. ಆಗೆಲ್ಲ ನನ್ನ ಚಿಂತೆ ನನ್ನ ತ್ಯಾಪೆಯ ಮೇಲೇ ಇರುತ್ತಿತ್ತು. ಇಷ್ಟು ಎಳೆಯ ಕೈಗಳು ಹಿಡಿದಿರುವಾಗ ಅದು ಬಿಚ್ಚಿದರೆ?

ನನಗೆ ಹೆಚ್ಚು ಹೊತ್ತು ಅಂಟಿಕೊಂಡವನು ದ್ಯಾವಪ್ಪ. ಕೂಲಿ ಮಾಡುವ ಪಾರವ್ವನ ಮಗ. ಅರ್ಧ ಬಾವಿಯವರೆಗೆ ಮೀನಿನಂತೆ ಹೋಗುತ್ತಿದ್ದ. ನಡುವೆ ಬಂದೊಡನೆ ಕೆಳಗೆ ನೋಡಿ, ಹೆದರಿ ನನ್ನನ್ನು ಹುಡುಕುತ್ತಿದ್ದ. ಅವನ ತಂಗಿ ರೇಣವ್ವ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತ ಎಲ್ಲವನ್ನೂ ನೋಡುತ್ತಿದ್ದಳು.

“ಸರ, ನಾನೂ ಕಲೀಲೇನ್ರಿ?”

“ಹೆಣ್ಣುಡುಗಿ ಬಾವ್ಯಾಗ ಈಸಿ ಏನ್ ರಾಜ್ಯಾ ಆಳತೈತಿ?” ಪಾರವ್ವನೇ ಅವಳ ಬಾಯಿ ಮುಚ್ಚಿಸಿದಳು. ಮಾಸ್ತರರ ಕಡೆ ತಿರುಗಿ, “ಇವನರ ಲಗೂನ ಗ್ವಾಡಿ ಮುಟ್ಟಲಿ ಸರ. ಕಾಯಿ ತಂದು ದೇವರ ಮಾಡದಾಗ ಇಟ್ಟೇನಿ” ಎಂದಳು.

ಆ ರಜೆಯ ನಡುವೆಯೇ ಮಾಸ್ತರರನ್ನು ಗಣತಿ ಕೆಲಸಕ್ಕೆ ಬೇರೆ ತಾಲೂಕಿಗೆ ಹಾಕಿದರು. ಹೋಗುವ ಮುನ್ನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, “ನಾ ಬರೂತನಕ ಯಾರೂ ಬಾವಿ ಕಡೆ ಹಾಯಬಾರದು” ಎಂದರು. ಮಕ್ಕಳೆಲ್ಲ ಒಂದೇ ದನಿಯಲ್ಲಿ “ಹೂಂನ್ರೀ ಸರ” ಎಂದರು. ಆ ದನಿ ಅವರಿಗೆ ಗೊತ್ತಿತ್ತು. ಅದಕ್ಕೇ ನನ್ನನ್ನು ಶಾಲೆಯ ಆಟದ ಸಾಮಾನಿನ ಕೋಣೆಗೆ ಒಯ್ದರು. ‘ಟೂಬು ಕಂಡ್ರ ಇಳೀತಾವು, ಕಾಣದಿದ್ರ ಇಳಿಯೂದಿಲ್ಲ’ ಎಂದು ತಮಗೆ ತಾವೇ ಹೇಳಿಕೊಂಡರು. ಮಡಚಿಟ್ಟರೆ ಸೆಕೆಗೆ ಸೀಳು ಬಿಟ್ಟೇನೆಂದು ನನಗೆ ಗಟ್ಟಿಯಾಗಿ ಗಾಳಿ ತುಂಬಿದರು. ಬಾಗಿಲಿಗೆ ಕೀಲಿ ಹಾಕಿ, ಜಗ್ಗಿ ನೋಡಿ, ಹೋದರು.

ಒಂದು ಬೆಳಿಗ್ಗೆ ಮಕ್ಕಳು ಕಿಟಕಿಗೆ ಬಂದರು. ಮುಂದೆ ದ್ಯಾವಪ್ಪ, ಹಿಂದೆ ಅವನ ಗೆಳೆಯ ಹುಸೇನಿ.

“ಸರ್ ಬರೂದ್ರಾಗ ನಾ ಗ್ವಾಡಿ ಮುಟ್ಟತೇನಿ ನೋಡು. ಅವ್ವ ದಿನಾ ಕಾಯಿ ಕಡೆ ನೋಡ್ತಾಳ” ಎಂದ ದ್ಯಾವಪ್ಪ.

“ನೀನಾ? ನಡಬಾವ್ಯಾಗ ಅಳೂ ಮಗನ!”

ದ್ಯಾವಪ್ಪ ಸರಳಿನೊಳಗೆ ಕೈ ತೂರಿಸಿ ನನ್ನನ್ನು ಹಿಡಿದ. ಕಿಟಕಿಯವರೆಗೆ ಎಳೆದ. ಉಬ್ಬಿದ ನನ್ನ ಮೈ ಸರಳುಗಳಿಗೆ ಬಡಿದು ಹಿಂದಕ್ಕೆ ಜಿಗಿಯಿತು. ಮತ್ತೆ ಎಳೆದ, ಮತ್ತೆ ಬಡಿಯಿತು. ಗಾಳಿ ತುಂಬುವ ಮೂತಿ ಅವನ ಬೆರಳಿನ ಪಕ್ಕದಲ್ಲೇ ಇತ್ತು. ಅದನ್ನು ಒತ್ತಿ ಗಾಳಿ ಬಿಟ್ಟಿದ್ದರೆ ಚಾದರದಂತೆ ಹೊರಗೆ ಜಾರಿ ಬರುತ್ತಿದ್ದೆ. ಅವನಿಗೆ ಅದು ಹೊಳೆಯಲಿಲ್ಲ. ನನಗೆ ಬಾಯಿಲ್ಲ.

“ಬಿಡು, ನಮ್ಮನ್ಯಾಗ ಎಣ್ಣಿ ಕ್ಯಾನ್ ಐತಿ. ಬೆನ್ನಿಗೆ ಕಟಗೊಂಡ್ರಾತು” ಎಂದು ದ್ಯಾವಪ್ಪ ಕೈ ತೆಗೆದ.

ಬಿಸಿಲು ಏರಿದ ಮೇಲೆ ಊರ ಕಡೆಯಿಂದ ಕೂಗು ಕೇಳಿಸಿತು. ಮೊದಲು ಒಬ್ಬರದು. ಆಮೇಲೆ ಊರಿಗೆ ಊರೇ ಕೂಗಿತು.

ಮರುದಿನ ಮಾಸ್ತರರು ಹೆಗಲ ಮೇಲಿನ ಚೀಲವನ್ನೂ ಇಳಿಸದೆ ಬಂದು ಬಾಗಿಲು ತೆರೆದರು. ಹುಸೇನಿ ಅವರ ಹಿಂದೆಯೇ ಬಂದು ನಿಂತ. “ಕ್ಯಾನಿನ ಮುಚ್ಚಳ ಬಿಚ್ಚಿತ್ರಿ ಸರ. ನೀರು ತುಂಬಿತ್ರಿ. ನಡುವ ಇದ್ದನ್ರಿ. ನಾವು ಹಗ್ಗ ಒಗದ್ವಿರಿ, ದ್ಯಾವಪ್ಪ ಹಿಡೀಲಿಲ್ರಿ.” ಮಾಸ್ತರರು ನನ್ನ ಮೇಲೆ ಅಂಗೈ ಇಟ್ಟು ಒತ್ತಿದರು. ನನ್ನ ಗಾಳಿ ಒಂದಿಷ್ಟೂ ಇಳಿದಿರಲಿಲ್ಲ.

ಮುಂದಿನ ಬೇಸಿಗೆಗೆ ಅವರು ನನ್ನನ್ನು ಹೊರತೆಗೆಯಲಿಲ್ಲ. ರಜೆ ಶುರುವಾದ ಮೇಲೂ ಶಾಲೆಗೆ ಬಂದು ಖಾಲಿ ವರಾಂಡದಲ್ಲಿ ಕೂರುತ್ತಿದ್ದರು. ಅಲ್ಲಿಗೆ ಪಾರವ್ವ ಮಗಳನ್ನು ಕೈಹಿಡಿದು ತಂದಳು.

“ಇಕಿಗೆ ಕಲಸ್ರಿ.”

“ನನ್ನ ಕೈಲೆ ಆಗೂದಿಲ್ಲ ಪಾರವ್ವ.”

“ಅವ ಸತ್ತದ್ದರಾಗ ನಿಮ್ಮ ಕೀಲಿದು ತಪ್ಪಿಲ್ಲ ಅಂತ ಹೇಳಾಕ ನಾ ಬಂದಿಲ್ಲ ಸರ. ಹಂಗಂದ್ರ ಸುಳ್ಳಾಗತೈತಿ. ಆದ್ರ ಇಕಿ ಉಳೀಬೇಕು.”

ಮಾಸ್ತರರು ಎದ್ದು ಕೋಣೆಯ ಕೀಲಿ ತೆಗೆದರು.

ರೇಣವ್ವ ಬೇಗ ಕಲಿತಳು. ಮೆಟ್ಟಿಲ ಮೇಲೆ ಕುಳಿತು ನೋಡಿಯೇ ಅರ್ಧ ಕಲಿತಿದ್ದಳು. ಹಗ್ಗದ ತುದಿಯನ್ನು ಪಾರವ್ವ ಕೈಗೆ ಸುತ್ತಿಕೊಂಡು ಕೂರುತ್ತಿದ್ದಳು. ನಾನು ಮುದಿಯಾಗಿದ್ದೆ. “ಸರ, ಟೂಬು ಉಸುರು ಬಿಡಾಕತ್ತೈತ್ರಿ” ಎಂದು ಹುಡುಗಿ ಒಂದು ದಿನ ನನ್ನ ತ್ಯಾಪೆಯ ಮೇಲೆ ಬೆರಳಿಟ್ಟಳು. ಗುಳ್ಳೆ ಏಳುತ್ತಿತ್ತು. ಮಾಸ್ತರರು ನನ್ನನ್ನು ಮೆಟ್ಟಿಲಿಗೆ ಎಳೆದರು. ಹುಡುಗಿ ನಾನಿಲ್ಲದೆಯೇ ಹೋದಳು. ನಡುವೆ ಒಮ್ಮೆ ತಡೆದಳು. ಮತ್ತೆ ಕೈ ಬೀಸಿದಳು. ಗೋಡೆ ಮುಟ್ಟಿದಳು.

ಯಾರೂ ಚಪ್ಪಾಳೆ ತಟ್ಟಲಿಲ್ಲ.

ಪಾರವ್ವ ಮನೆಗೆ ಹೋಗಿ ಮಾಡದಲ್ಲಿದ್ದ ಅದೇ ಕಾಯಿಯನ್ನು ತಂದಳು. ಮೆಟ್ಟಿಲಿಗೆ ಒಡೆದಳು. ಒಳಗೆ ನೀರಿರಲಿಲ್ಲ. ಎಲ್ಲ ಇಂಗಿ, ತಿರುಳು ಒಣಕೊಬ್ಬರಿಯಾಗಿತ್ತು. ಮಕ್ಕಳಿಗೆ ಹಂಚಿದಳು. ಅವರು ಕಿತ್ತಾಡದೆ ತೆಗೆದುಕೊಂಡರು. ಆಮೇಲೆ ಅವಳು ಎದುರಿನ ಗೋಡೆಯನ್ನೇ ನೋಡುತ್ತ ಕೇಳಿದಳು:

“ಬರೇ ಇಷ್ಟ ದೂರ ಏನ್ರಿ ಸರ?”

ಮಾಸ್ತರರು ಒದ್ದೆ ಹಗ್ಗವನ್ನು ಸುತ್ತತೊಡಗಿದರು.

ಈಗ ನನ್ನಲ್ಲಿ ಗಾಳಿ ನಿಲ್ಲುವುದಿಲ್ಲ. ಬಾವಿಯ ಪಕ್ಕದ ಬೇವಿನ ಮರಕ್ಕೆ ನನ್ನನ್ನು ನೇತುಹಾಕಿದ್ದಾರೆ. ಪಕ್ಕದ ಕೊಂಬೆಗೆ ಹೊಸ ಟ್ಯೂಬು ಇದೆ. ಈ ರಜೆಯಲ್ಲೂ ಮಾಸ್ತರರನ್ನು ಕೆಲಸಕ್ಕೆ ಬೇರೆ ಊರಿಗೆ ಕರೆದಿದ್ದಾರೆ. ಹೋಗುವ ದಿನ ಹೊಸ ಟ್ಯೂಬನ್ನು ಕೊಂಬೆಯಿಂದ ತೆಗೆದು ಶಾಲೆಯ ಕಡೆ ನಡೆದರು. ಅರ್ಧ ದಾರಿಯಿಂದ ತಿರುಗಿ ಬಂದು ಮತ್ತೆ ಕೊಂಬೆಗೇ ಹಾಕಿದರು. ಮತ್ತೆ ನಿಂತು ನೋಡಿದರು. ಕೀಲಿ ಹಾಕಿದರೂ ಭಯ, ಹಾಕದಿದ್ದರೂ ಭಯ. ಯಾವುದು ಸರಿಯೆಂದು ಅವರಿಗೆ ಗೊತ್ತಿಲ್ಲ. ಇಷ್ಟು ದಿನ ನೇತಾಡಿದ ನನಗೂ ಗೊತ್ತಿಲ್ಲ.

ಈಗ ದಿನವೂ ಮಧ್ಯಾಹ್ನ ರೇಣವ್ವ ಬರುತ್ತಾಳೆ. ಯಾರೂ ಹೇಳಿಲ್ಲ, ಒಗೆಯಲು ಬಟ್ಟೆಯೂ ಇರುವುದಿಲ್ಲ.

“ರೇಣಿ, ಕುಂಟಾಟ ಆಡಾಕ ಬಾ ಬೇ!” ಎಂದು ಗೆಳತಿಯರು ಕೂಗುತ್ತಾರೆ.

“ನೀವು ಆಡ್ರಿ” ಎನ್ನುತ್ತಾಳೆ.

ಬಾವಿಗೆ ಹಾರಿದ ಹುಡುಗರು ಮುಳುಗುತ್ತಾರೆ. ತಲೆ ಮತ್ತೆ ಮೇಲೆ ಕಾಣುವವರೆಗೆ ಆ ಹುಡುಗಿ ಮೆಟ್ಟಿಲ ಮೇಲೆ ಉಸಿರು ಹಿಡಿದು ಕೂತಿರುತ್ತಾಳೆ. ನನ್ನಿಂದ ಆಗದ ಕೆಲಸವನ್ನು ಈಗ ಅವಳು ಮಾಡುತ್ತಿದ್ದಾಳೆ. ಅವಳಿಗಿನ್ನೂ ರಜೆ ಬಹಳ ಉಳಿದಿದೆ.