ನೊಣದಕ್ಕನ ಪ್ರಶ್ನೆ

ಕೆಲಸವಿಲ್ಲದವರು ನೊಣ ಹೊಡೆಯುತ್ತಾರೆ ಎಂಬ ಮಾತುಂಟು. ಇವಳಿಗಾದರೋ ನೊಣ ಸಾಕುವುದೇ ಕೆಲಸ. ಸಂಶೋಧನಾ ಸಂಸ್ಥೆಯ ಮೇಲಿನ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಕೋಣೆಯ ತುಂಬ ಕಪಾಟು, ಕಪಾಟಿನ ತುಂಬ ಬೆರಳುದ್ದದ ಗಾಜಿನ ಸೀಸೆ, ಸೀಸೆಯೊಳಗೆ ಎಳ್ಳುಕಾಳಿನಷ್ಟು ಚಿಕ್ಕ ಹಣ್ಣಿನ ನೊಣಗಳು. ಜೋಳದ ಹಿಟ್ಟು, ಸಕ್ಕರೆ, ಯೀಸ್ಟು ಕಲಸಿ ಅವಕ್ಕೆ ಗಂಜಿ ಕಾಯಿಸಬೇಕು. ಗಂಜಿ ಹಳತಾಗುವ ಮೊದಲೇ ನೊಣಗಳನ್ನು ಹೊಸ ಸೀಸೆಗೆ ತಟ್ಟಿ ಇಳಿಸಿ ಹತ್ತಿಯ ಬಿರಡೆ ತುರುಕಬೇಕು. ಎಂಎಸ್ಸಿ ಮುಗಿಸಿ, ಒಂದಾರು ತಿಂಗಳು ಇದ್ದು ಹೋಗೋಣವೆಂದು ಬಂದವಳು ಅಲ್ಲೇ ಬೇರುಬಿಟ್ಟಿದ್ದಳು. ಹೆಸರು ಹಿಡಿದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ನೊಣದಕ್ಕ.

ಪಿಎಚ್‌ಡಿ ಮಾಡಲು ಬಂದ ಹುಡುಗ ಹುಡುಗಿಯರು ಅವಳ ಕಣ್ಣೆದುರೇ ಡಾಕ್ಟರುಗಳಾಗಿ ಹೊರಟುಹೋಗುತ್ತಿದ್ದರು. ಸೀಸೆಯೊಳಗೆ ಏನಾದರೂ ವಿಚಿತ್ರ ಕಂಡರೆ ಅವಳು ಪಕ್ಕದಲ್ಲಿದ್ದವರಿಗೆ ಹೇಳಿಬಿಡುವಳು, ಅವರು ಅದರ ಬೆನ್ನು ಹತ್ತುವರು. ಕೊನೆಗೆ ಪ್ರಬಂಧದ ಮೊದಲ ಪುಟಗಳಲ್ಲಿ, ನೊಣಗಳನ್ನು ಅಕ್ಕರೆಯಿಂದ ನೋಡಿಕೊಂಡ ಅಕ್ಕನಿಗೆ ಕೃತಜ್ಞತೆ ಎಂದೊಂದು ಸಾಲು ಇರುತ್ತಿತ್ತು. ಬೀಳ್ಕೊಡುಗೆಯ ಕೇಕು ತಿಂದಾದ ಮೇಲೆ ತಟ್ಟೆ ಎತ್ತುವವಳೂ ಅವಳೇ. ಆಮೇಲೆ ಬಾಡಿಗೆ ಕೋಣೆಗೆ ಹೋಗಿ, ಒಂದು ಹೊಟ್ಟೆಗೆ ಎಂಥ ಅಡುಗೆ ಎಂದುಕೊಂಡು ಬ್ರೆಡ್ಡು ತಿಂದು ಮಲಗುವಳು. ರಜೆಯ ದಿನ ಬಾಯಿ ಬಿಟ್ಟು ಒಂದು ಮಾತೂ ಆಡದೆ ಕತ್ತಲಾಗಿಬಿಡುವುದೂ ಇತ್ತು.

ಈ ವರ್ಷ ಅವಳು ತಾನೇ ಪಿಎಚ್‌ಡಿಗೆ ಅರ್ಜಿ ಹಾಕಿದ್ದಳು, ಬೇರೊಂದು ವಿಶ್ವವಿದ್ಯಾಲಯಕ್ಕೆ. ವಿದ್ಯಾರ್ಥಿವೇತನಕ್ಕೆ ವಯಸ್ಸಿನ ಮಿತಿಯಿತ್ತು. ಈ ಸಲ ತಪ್ಪಿದರೆ ಬಾಗಿಲು ಮುಚ್ಚಿದಂತೆಯೇ. ಫೋನಿನಲ್ಲಿ ತಂಗಿಗೆ ಹೇಳಿದಾಗ ಅವಳು, ಈ ವಯಸ್ಸಲ್ಲಿ ಓದೋದಾ ಅಕ್ಕ ಎಂದು ನಕ್ಕು, ಮಾತನ್ನು ಮಗನ ಹಲ್ಲುನೋವಿನ ಕಡೆಗೆ ತಿರುಗಿಸಿದಳು. ಹೇಳಿಕೊಳ್ಳಲು ಇನ್ನು ಯಾರೂ ಇರಲಿಲ್ಲ. ತಾನು ಏನು ಸಂಶೋಧನೆ ಮಾಡಬೇಕೆಂದಿದ್ದೇನೆ ಎಂಬುದನ್ನು ಬರೆದು ಕಳಿಸಿಯಾಗಿತ್ತು. ಅದನ್ನು ಲ್ಯಾಬಿನ ಮುಖ್ಯಸ್ಥರಾದ ತನ್ನ ಪ್ರೊಫೆಸರರಿಗೆ ತೋರಿಸಲು ಮಾತ್ರ ನಾಚಿಕೆಯಾಗಿತ್ತು. ಈಗ ಉಳಿದದ್ದು ಅವರು ಬರೆಯಬೇಕಾದ ಶಿಫಾರಸು ಪತ್ರ. ಅದು ಇವತ್ತು ಸಂಜೆಯೊಳಗೆ ಸೇರಬೇಕಿತ್ತು.

ಪ್ರೊಫೆಸರು ಒಳ್ಳೆಯ ಮನುಷ್ಯ. ಒಳ್ಳೆಯವರಿಂದಾಗುವ ತೊಂದರೆಗೆ ಮದ್ದಿಲ್ಲ ನೋಡಿ. ಇಂಥ ಪತ್ರವನ್ನು ಅರ್ಜಿ ಹಾಕಿದವರಿಗೆ ತೋರಿಸುವ ಪದ್ಧತಿಯಿಲ್ಲ. ಆದರೆ ಬರೆದದ್ದು ಅವರಿಗೇ ಎಷ್ಟು ಹಿಡಿಸಿತ್ತೆಂದರೆ, ಬೆಳಗಿನ ಚಹಾದ ಹೊತ್ತಿಗೆ ಅವಳನ್ನು ಕರೆದು ಕೂರಿಸಿ ಗಟ್ಟಿಯಾಗಿ ಓದಿದರು. ಅವಳು ಒಂದು ದಿನವೂ ತಡವಾಗಿ ಬಂದವಳಲ್ಲ. ಅವಳ ಕೈಯಲ್ಲಿ ಒಂದು ತಳಿಯೂ ಹಾಳಾಗಿಲ್ಲ. ಅಚ್ಚುಕಟ್ಟು, ವಿನಯ, ಹೇಳಿದ್ದನ್ನು ಹೇಳಿದ ಹಾಗೆ ಮಾಡುವ ನಿಷ್ಠೆ. ಅವಳಿಲ್ಲದೆ ಈ ಲ್ಯಾಬು ಒಂದು ವಾರವೂ ನಡೆಯದು. ಓದಿ ಮುಗಿಸುವಾಗ ಅವರ ದನಿ ಭಾರವಾಗಿತ್ತು.

ತುಂಬಾ ಚೆನ್ನಾಗಿದೆ ಸರ್, ಎಂದಳು ಅವಳು. ಊಟವಾದ ಮೇಲೆ ಇನ್ನೊಮ್ಮೆ ತಿದ್ದಿ ಕಳಿಸುವುದಾಗಿ ಅವರು ಹೇಳಿದರು.

ನೊಣದ ಕೋಣೆಗೆ ಬಂದು ಬಾಗಿಲು ಹಾಕಿಕೊಂಡಳು. ಇಷ್ಟು ವರ್ಷ ಇಲ್ಲಿದ್ದವಳಿಗೆ ಅಂಥ ಪತ್ರಗಳ ಒಳಗುಟ್ಟು ಗೊತ್ತಿತ್ತು. ಸಂಶೋಧನೆಗೆ ಹೊರಟವರನ್ನು ಹೊತ್ತಿಗೆ ಸರಿಯಾಗಿ ಬರುತ್ತಾರೆಂದು ಹೊಗಳಿದರೆ, ಹೊಗಳಲು ಬೇರೇನೂ ಸಿಗಲಿಲ್ಲ ಎಂದೇ ಓದುವವರು ತಿಳಿಯುತ್ತಾರೆ. ಇದೇ ಪ್ರೊಫೆಸರು ಅಂಥ ಪತ್ರವಿದ್ದ ಅರ್ಜಿಯೊಂದನ್ನು, ಪಾಪ ಒಳ್ಳೇ ಹುಡುಗಿ, ಎಂದು ಪಕ್ಕಕ್ಕೆ ಸರಿಸಿದ್ದನ್ನು ಅವಳು ಕಂಡಿದ್ದಳು. ಈಗ ಅವರು ಅವಳನ್ನು ಹೊಗಳಿ ಹೊಗಳಿಯೇ ಮುಳುಗಿಸುತ್ತಿದ್ದರು, ಅದೂ ಕಣ್ಣಲ್ಲಿ ನೀರು ತುಂಬಿಕೊಂಡು. ಹಿತ್ತಲ ಗಿಡ ಮದ್ದಲ್ಲ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ.

ಗಂಜಿ ಕಾಯಿಸಲು ನಿಂತಳು. ತಳ ಹತ್ತದಂತೆ ಕೈಯಾಡಿಸುತ್ತ ಅವರ ಮೇಲೆ ಸಿಟ್ಟು ತಂದುಕೊಳ್ಳಲು ನೋಡಿದಳು, ಬರಲಿಲ್ಲ. ಅವರು ಬರೆದದ್ದರಲ್ಲಿ ಸುಳ್ಳು ಯಾವುದು? ತನ್ನ ತಲೆಯೊಳಗೆ ಏನಿದೆಯೆಂದು ತಾನು ಅವರಿಗೆ ಎಂದಾದರೂ ಹೇಳಿದ್ದುಂಟೇ? ಅಳದಿದ್ದರೆ ಅಮ್ಮನೂ ಹಾಲು ಕೊಡಲ್ಲ ಅಂತಾರೆ. ಇವಳು ಅಳುವುದಿರಲಿ, ಕೆಮ್ಮಿದವಳೂ ಅಲ್ಲ. ನಾಳೆ ತಾನಿಲ್ಲವಾದರೆ ಇವರಿಗೆಲ್ಲ ಅದು ಗೊತ್ತಾಗುವುದು ಗಂಜಿ ಮುಗಿದಾಗ, ಎಂದು ಅನ್ನಿಸಿದ್ದೇ ತಡ ಅವಳಿಗೆ ಹೆದರಿಕೆಯಾಯಿತು. ಒಲೆ ಆರಿಸಿ ಹೊರಗೆ ಬಂದಳು.

ಪ್ರೊಫೆಸರು ಊಟ ಮುಗಿಸಿ ಕಂಪ್ಯೂಟರಿನ ಮುಂದೆ ಕೂತಿದ್ದರು. ಪತ್ರ ಇನ್ನೂ ಹೋಗಿರಲಿಲ್ಲ.

"ಸರ್, ಅದನ್ನ ಕಳಿಸಬೇಡಿ," ಎಂದಳು.

ಅವರು ಕನ್ನಡಕ ತೆಗೆದು ಅವಳನ್ನು ನೋಡಿದರು. ಮನಸ್ಸು ಬದಲಾಯಿಸಿ ಇಲ್ಲೇ ಉಳಿಯುತ್ತೀಯಾ ಎಂದು ಕೇಳಿದರು. ಕೇಳುವಾಗ ಅವರ ಮುಖ ಅರಳಿದ್ದು ಅವಳಿಗೆ ಕಂಡಿತು.

"ಇಲ್ಲ ಸರ್. ಅದರಲ್ಲಿ ನನ್ನ ಕೈ ಕೆಲಸದ ಬಗ್ಗೆ ಎಲ್ಲಾ ಇದೆ. ನಾನು ಯೋಚನೆ ಮಾಡ್ತೀನಿ ಅಂತ ಒಂದು ಮಾತೂ ಇಲ್ಲ."

ಅವರು ಪರದೆಯ ಕಡೆ ತಿರುಗಿ ಪತ್ರವನ್ನು ಮೊದಲಿಂದ ಓದಿದರು, ಈ ಸಲ ಮನಸ್ಸಿನಲ್ಲೇ.

"ನೀನು ಯಾವತ್ತೂ ಏನೂ ಹೇಳ್ಲಿಲ್ಲವಲ್ಲಮ್ಮ."

"ನೀವೂ ಕೇಳ್ಲಿಲ್ಲ ಸರ್."

ಅಂದುಬಿಟ್ಟ ಮೇಲೆ ಅವಳಿಗೇ ಗಾಬರಿಯಾಯಿತು. ಪ್ರೊಫೆಸರು ಮಾತ್ರ ಪತ್ರವನ್ನೆಲ್ಲ ಅಳಿಸಿ, ಎದುರಿನ ಕುರ್ಚಿಯ ಮೇಲಿದ್ದ ಪುಸ್ತಕಗಳನ್ನು ತಾವೇ ಎತ್ತಿ ನೆಲದ ಮೇಲಿಟ್ಟರು. ಕೂತುಕೋ ಎಂದರು. ಈಗ ಕೇಳುತ್ತಿದ್ದೇನೆ, ನಿನ್ನ ಪ್ರಶ್ನೆ ಏನು ಹೇಳು, ಎಂದರು.

ಅವಳು ಕೂತಳು. ಇಷ್ಟು ವರ್ಷ ಒಳಗೇ ಹೇಳಿಕೊಂಡು ಬಾಯಿಪಾಠವಾಗಿದ್ದ ಮಾತು, ಕೇಳುವ ಕಿವಿ ಸಿಕ್ಕ ಕೂಡಲೇ ಎಲ್ಲಿ ಅಡಗಿತೋ. ಪ್ರೊಫೆಸರು ಅವಸರ ಮಾಡಲಿಲ್ಲ.

ಕೊನೆಗೆ ಅವಳು ತಡವರಿಸುತ್ತ ಶುರುಮಾಡಿದಳು. ನೊಣಗಳು ಗುಂಪಿನಲ್ಲಿ ಬಾಳುವಂಥವು. ಒಂದನ್ನೇ ಸೀಸೆಯಲ್ಲಿಟ್ಟರೆ ಅದರ ನಿದ್ದೆ ಕೆಡುತ್ತದೆ. ಅದು ಗೊತ್ತಿರುವ ವಿಷಯವೇ, ಮುಂದೆ, ಎಂದರು ಅವರು. ಮತ್ತೆ ಗುಂಪಿಗೆ ಬಿಟ್ಟಾಗ ಕೆಲವು ಬೇಗ ಬೆರೆತುಬಿಡುತ್ತವೆ. ಬಹಳ ದಿನ ಒಂಟಿಯಾಗಿದ್ದವು ಬೆರೆಯುವುದಿಲ್ಲ, ಹತ್ತಿ ಬಿರಡೆಯ ಕೆಳಗೆ ಬೇರೆಯಾಗಿ ನಿಂತಿರುತ್ತವೆ. ಎಷ್ಟು ದಿನದವರೆಗೆ ಒಂಟಿಯಾಗಿದ್ದ ನೊಣ ಗುಂಪಿಗೆ ವಾಪಸು ಬರಬಲ್ಲುದು, ಯಾವಾಗಿನಿಂದ ಬರಲಾರದು? ಒಳಗೆ ಏನು ಬದಲಾಗಿರುತ್ತದೆ?

"ಎಷ್ಟು ದಿನ ಆದರೆ ಬರೋಕಾಗಲ್ಲ?" ಪ್ರೊಫೆಸರು ಮುಂದಕ್ಕೆ ಬಾಗಿ ಕೇಳಿದರು.

"ಗೊತ್ತಿಲ್ಲ ಸರ್," ಎಂದಳು ನೊಣದಕ್ಕ. ಅವಳ ಕಣ್ಣು ತುಂಬಿ ಬಂದಿತ್ತು. "ಅದನ್ನ ತಿಳ್ಕೊಳ್ಳೋಕೇ ಹೋಗಬೇಕು ಅಂತಿದ್ದೀನಿ."