ಐರಾವತದ ಹೊಟ್ಟೆ ಕೆಂಪು

ನನ್ನ ಗಂಡ ಯುದ್ಧನೌಕೆ ಕಟ್ಟುತ್ತಾರೆ. ನಮ್ಮೂರು ಮಗ್ಗೆಯ ಸುತ್ತಮುತ್ತ ಈಗ ಇದು ಗೊತ್ತಿಲ್ಲದವರು ಯಾರೂ ಉಳಿದಿಲ್ಲ. ಅದಕ್ಕೆ ಕಾರಣ ಅವರಲ್ಲ, ನಾನು.

ಅವರ ಹೆಸರು ರಾಜಶೇಖರ್. ಪಕ್ಕದ ಕೆ. ಹೊಸಕೋಟೆಯಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ಸ್ಪ್ರೇ ಪಂಪು ರಿಪೇರಿ ಮಾಡುವ ಅಂಗಡಿ ಇಟ್ಟಿದ್ದಾರೆ. ಸಮುದ್ರವನ್ನು ನೋಡಿದ್ದು ಒಂದೇ ಸಲ, ಮದುವೆಯಾದ ವರ್ಷ, ಮಂಗಳೂರಿನಲ್ಲಿ. ಅದೂ ಘಾಟಿ ಇಳಿಯುವಾಗ ವಾಂತಿ ಮಾಡಿಕೊಂಡು ಸುಸ್ತಾಗಿ ಮರಳ ಮೇಲೆ ಮಲಗಿದ್ದರು. ಅಂಥವರಿಗೆ ಐವತ್ತೆರಡನೇ ವಯಸ್ಸಿನಲ್ಲಿ ಹಡಗಿನ ಹುಚ್ಚು ಹಿಡಿಯಿತು. ಕೊರಿಯರಿನವನು ಒಂದು ದಿನ ಜಪಾನಿನ ಡಬ್ಬ ತಂದುಕೊಟ್ಟ. ಒಳಗೆ ಪ್ಲಾಸ್ಟಿಕ್ಕಿನ ಚೌಕಟ್ಟುಗಳು, ಚೌಕಟ್ಟಿಗೆ ಅಂಟಿಕೊಂಡ ಅಕ್ಕಿಕಾಳಿನಷ್ಟು ಚಿಕ್ಕ ಭಾಗಗಳು, ಒಟ್ಟು ನಾನೂರ ಹದಿನೇಳು. ನಿಜವಾದ ಹಡಗನ್ನು ಮುನ್ನೂರೈವತ್ತರಲ್ಲಿ ಒಂದು ಪಾಲಿಗೆ ಇಳಿಸಿದ್ದಾರಂತೆ. ಎಲ್ಲ ಜೋಡಿಸಿದರೆ ಮೊಣಕೈ ಉದ್ದದ ಒಂದು ಹಡಗು.

ಮೂರು ತಿಂಗಳು ನಾನು ಪಟ್ಟ ಪಾಡು ನನಗೇ ಗೊತ್ತು. ನನ್ನ ನೇಲ್ ಕಟರ್ ಮೊದಲ ವಾರವೇ ಭಾಗಗಳನ್ನು ಕತ್ತರಿಸುವ ಕೆಲಸಕ್ಕೆ ಸೇರಿತು. ಊಟದ ಮೇಜು ಹಡಗುಕಟ್ಟೆಯಾಯಿತು, ನಾವು ಸ್ಟೋರಿನಲ್ಲಿ ಕಾಫಿ ಮೂಟೆಗಳ ಮೇಲೆ ಕೂತು ಉಂಡೆವು. ಕಂಬದಿಂದ ಕಂಬಕ್ಕೆ ಎಳೆಯುವ ತಂತಿಗೆ ನನ್ನ ಬಾಚಣಿಗೆಯ ಕೂದಲೇ ಸರಿ ಎಂದು ಕಂಡುಹಿಡಿದರು. ಕಪ್ಪು ಕೂದಲು ಮಾತ್ರ. “ಬಿಳೀದು ಬಂದ್ರೆ ಬಿಸಾಕ್ಬುಡು ಶಿವಲೀಲಾ, ಹಡಗಿಗೆ ವಯಸ್ಸಾದಂಗೆ ಕಾಣ್ತದೆ” ಎಂದರು. ಕಟ್ಟಿಕೊಂಡ ಹೆಂಡತಿಗೆ ಹೇಳುವ ಮಾತೇ ಇದು? ತುಕ್ಕಿನ ಕಲೆ ಬರಿಸಲು ಬ್ರಷ್ಷಿನ ತುದಿಯಲ್ಲಿ ಕಾಫಿ ಡಿಕಾಕ್ಷನ್ ಹಚ್ಚುತ್ತಿದ್ದರು. ಅದಕ್ಕೆ ರೋಬಸ್ಟಾ ಆಗದು, ಅರೇಬಿಕಾನೇ ಬೇಕು, ತುಕ್ಕು ನಯವಾಗಿ ಕೂರುತ್ತದೆ ಎನ್ನುವ ತಕರಾರು ಬೇರೆ.

ಡಬ್ಬದ ಮೇಲಿನ ಜಪಾನೀ ಹೆಸರಿಗೆ ಇಬ್ಬರ ನಾಲಿಗೆಯೂ ಹೊರಳದ್ದರಿಂದ ಹಡಗಿಗೆ ಐರಾವತ ಎಂದು ಹೆಸರಿಟ್ಟರು. ನೀರಿನೊಳಗೆ ಮುಳುಗುವ ಹೊಟ್ಟೆಯ ಭಾಗಕ್ಕೆ ಕೆಂಪು, ಮೇಲಕ್ಕೆಲ್ಲ ಬೂದು ಬಣ್ಣ.

“ಐರಾವತ ಬೆಳ್ಳಗಲ್ವೇನ್ರೀ?” ಎಂದೆ.

“ಯುದ್ಧಕ್ಕೆ ಹೋಗುವಾಗ ಬಣ್ಣ ಹೊಡ್ಕಂಡು ಹೋಗ್ತದೆ ಕಣೇ” ಎಂದರು. ಅವರೊಂದಿಗೆ ವಾದ ಮಾಡಿ ಗೆದ್ದವರಿಲ್ಲ.

ಇನ್ನು ನನ್ನ ವಿಷಯ. ನಮ್ಮ ಕಡೆ ಕಾಫಿ ತೋಟಕ್ಕೆ ಇಳಿಯುವ ಮುಂಚೆ ಆನೆ ಎಲ್ಲಿದೆ ಎಂದು ಕೇಳಿಕೊಂಡು ಇಳಿಯಬೇಕು. ಅದಕ್ಕಾಗಿ ‘ಆನೆ ಎಚ್ಚರ, ಮಗ್ಗೆ’ ಎಂಬ ವಾಟ್ಸಾಪ್ ಗ್ರೂಪ್ ಇದೆ. ಮುನ್ನೂರ ಹನ್ನೆರಡು ಜನ. ಅದನ್ನು ನಡೆಸುವವಳು ನಾನು. ಇಬ್ಬರು ಕಣ್ಣಾರೆ ಕಂಡೆವು ಎನ್ನುವ ತನಕ ನಾನು ಏನನ್ನೂ ಹಾಕುವುದಿಲ್ಲ. ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಅಂದವರನ್ನು ಮುಖ ಮೂತಿ ನೋಡದೆ ಹೊರಗೆ ಹಾಕಿದ್ದೇನೆ; ಅವರಲ್ಲಿ ನನ್ನ ಸ್ವಂತ ತಂಗಿ ತನುಜಾನೂ ಒಬ್ಬಳು. ಮೂರು ವರ್ಷದಲ್ಲಿ ಒಂದೇ ಒಂದು ತಪ್ಪು ಸುದ್ದಿ ಹೋಗಿಲ್ಲ. ಬೆಳಿಗ್ಗೆ ಆರಕ್ಕೆ ನಾನು ‘ಆನೆ ಇಲ್ಲ’ ಎಂದರೆ ಹಣ್ಣು ಬಿಡಿಸುವ ಹೆಂಗಸರು ಜೀಪು ಹತ್ತುತ್ತಾರೆ, ‘ಇದೆ’ ಎಂದರೆ ಮನೆಯಲ್ಲಿ ಉಳಿಯುತ್ತಾರೆ. ಈ ವಿಷಯದಲ್ಲಿ ನನಗೆ ಜಂಬ ಇತ್ತು, ಇಲ್ಲ ಎನ್ನುವುದಿಲ್ಲ.

ಗಂಡನಿಗೂ ಒಂದು ಗ್ರೂಪ್ ಇತ್ತು, ಹಡಗು ಕಟ್ಟುವ ಹನ್ನೊಂದು ಜನರದ್ದು. ಅವರ ಫೋನು ಥಿನ್ನರ್ ಡಬ್ಬದೊಳಗೆ ಬಿದ್ದು ಹೋಗಿದ್ದರಿಂದ ಆ ಗ್ರೂಪೂ ನನ್ನ ಫೋನಿಗೇ ಬಂದಿತ್ತು. ಜನವರಿಯ ಒಂದು ಸಂಜೆ ಐರಾವತವನ್ನು ಒಣಗಲು ಮನೆ ಮುಂದಿನ ಕಾಫಿ ಕಣದಲ್ಲಿ ಇಟ್ಟು ಬಂದರು. ಎಡಗಡೆಯ ಒಂದು ಫಿರಂಗಿ ಕೊನೇ ಗಳಿಗೆಯಲ್ಲಿ ಮುರಿದಿತ್ತು. ಆಲೂರಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವ ಮೋಹಿತ್ ಅದೇ ಗ್ರೂಪಿನವನು, ಮರುದಿನ ಹಡಗಿನ ಚಿತ್ರ ತೆಗೆಯುವುದಾಗಿ ಹೇಳಿದ್ದ.

“ಕೈಯೆಲ್ಲ ಬಣ್ಣ ಆಗೈತೆ, ನೀನೇ ಒಂದು ಮೆಸೇಜ್ ಹಾಕ್ಬುಡು” ಎಂದರು. ಅವರು ಹೇಳಿದರು, ನಾನು ಒತ್ತಿದೆ.

‘ಐರಾವತ ಎದ್ದು ನಿಂತಿದೆ. ಮೈ ಬೂದು, ಹೊಟ್ಟೆ ಕೆಂಪು. ಎಡಗಡೆಯದು ಒಂದು ಮುರಿದಿದೆ. ಈಗ ನಮ್ಮ ಕಣದಲ್ಲಿದೆ. ನಾಳೆ ಬೆಳಿಗ್ಗೆ ಮಗ್ಗೆಯಿಂದ ಆಲೂರಿಗೆ ಹೊರಡುತ್ತದೆ.’

ಕನ್ನಡಕ ಹಾಕಿಕೊಂಡಿರಲಿಲ್ಲ. ಒಂದು ಗ್ರೂಪಿನ ಗುರುತು ಆನೆ, ಇನ್ನೊಂದರದ್ದು ಹಡಗು. ಕನ್ನಡಕವಿಲ್ಲದ ಕಣ್ಣಿಗೆ ಎರಡೂ ಬೂದು ಉಂಡೆ. ಕಳಿಸಿ, ಫೋನು ಚಾರ್ಜಿಗೆ ಹಾಕಿ, ಹಾಲು ಕರೆಯಲು ಹೋದೆ.

ಬಂದು ನೋಡಿದರೆ ನೂರ ನಲವತ್ತು ಮೆಸೇಜು.

‘ಎಲ್ರೂ ಒಳಗಿರ್ರಪ್ಪ, ಅಕ್ಕ ಹಾಕವ್ರೆ.’

‘ಆಲೂರಿಗೆ ಹೋಗ್ತದೆ ಅಂತ ಹೆಂಗೆ ಗೊತ್ತಾಯ್ತು?’

‘ಅಕ್ಕಂಗೆ ಗೊತ್ತಿರ್ತದೆ ಕಣೋ.’

ಬಸವಯ್ಯ ಎನ್ನುವವರೊಬ್ಬರು ‘ಐರಾವತ ಅಂದ್ರೆ ಬಸ್ಸಲ್ವಾ?’ ಎಂದು ಕೇಳಿದ್ದರು. ‘ಬಸ್ಸಿಗೆ ಹೊಟ್ಟೆ ಇರ್ತದೇನೋ ಮಾರಾಯ’ ಎಂದು ಯಾರೋ ಅವರ ಬಾಯಿ ಮುಚ್ಚಿಸಿದ್ದರು.

ತಪ್ಪಾಯಿತು ಎಂದು ಬರೆಯಲು ಹೊರಟಿದ್ದೆ, ಅಷ್ಟರಲ್ಲಿ ಸೋಮಯ್ಯನವರ ಮೆಸೇಜು ಬಂತು. ಸೋಮಯ್ಯನವರು ನಮ್ಮೂರಿನ ಹಿರಿಯ ಬೆಳೆಗಾರರು. ಊರಲ್ಲಿ ಏನೇ ಆಗಲಿ, ಮೊದಲು ನೋಡಿದವರು ಅವರೇ ಆಗಿರಬೇಕು. ‘ನಾನೂ ಈಗಷ್ಟೇ ನೋಡ್ದೆ. ಕೆರೆ ಏರಿ ಮೇಲೆ ಹೋಗ್ತಿತ್ತು. ಹೊಟ್ಟೆ ಕೆಂಪಗೈತೆ. ಎಡಗಡೆ ದಂತ ಅರ್ಧಕ್ಕೆ ಮುರಿದೈತೆ.’

ಅವರ ಹಿಂದೆಯೇ ಎಸ್ಟೇಟಿನ ಕುಳ್ಳಯ್ಯ, ತಮ್ಮ ಕೂಲಿ ಲೈನಿನ ಮನೆಗಳ ಹಿಂದೆ ಅದು ಘೀಳಿಟ್ಟಿತು ಎಂದ. ಏಳು ಗಂಟೆಯ ಹೊತ್ತಿಗೆ ಇಪ್ಪತ್ತಮೂರು ಜನ ಐರಾವತವನ್ನು ನೋಡಿದ್ದರು. ಒಬ್ಬರು ಎತ್ತರವನ್ನೂ ಕೊಟ್ಟಿದ್ದರು, ಹನ್ನೊಂದು ಅಡಿ. ಇಬ್ಬರು ಕಣ್ಣಾರೆ ಕಂಡರೆ ಸಾಕು ಎನ್ನುವ ನನ್ನ ನಿಯಮದ ಪ್ರಕಾರ ಅದು ಆಗಲೇ ಗಟ್ಟಿಯಾದ ಸುದ್ದಿ.

“ಇಷ್ಟು ಜನ ಹೇಳ್ತವ್ರೆ, ಒಂದ್ಸಲ ಕಣಕ್ಕೆ ಹೋಗಿ ನೋಡ್ಕಂಡು ಬರ್ಲಾ?” ಎಂದರು ನನ್ನ ಗಂಡ.

ಆ ಹೊತ್ತಿಗೆ ನನ್ನ ತಲೆಗೆ ಕೆಟ್ಟ ಬುದ್ಧಿ ಬಂತು. ಆನೆ ಇದೆ ಎಂದು ಅವರೇ ಹೇಳುತ್ತಿದ್ದಾರೆ. ಎರಡು ದಿನ ಬಿಟ್ಟು ‘ಐರಾವತ ಕಾಡಿಗೆ ಮರಳಿತು’ ಎಂದು ಹಾಕಿದರೆ ಮುಗಿಯಿತು. ನನ್ನ ಮೂರು ವರ್ಷದ ಮರ್ಯಾದೆ ಉಳಿಯುತ್ತದೆ. ಬರೆಯಲು ಹೊರಟಿದ್ದನ್ನು ಅಲ್ಲಿಗೇ ಕೈಬಿಟ್ಟೆ.

ಬೆಳಿಗ್ಗೆ ಒಂದೂ ಜೀಪು ಬರಲಿಲ್ಲ. ತೋಟಗಳಲ್ಲಿ ಹಣ್ಣು ಕಳಿತು ಉದುರುತ್ತಿತ್ತು, ಒಂದು ಬುಟ್ಟಿ ಅಲ್ಲಾಡಿದ ಸದ್ದಿಲ್ಲ. ಆಲೂರಿಗೆ ಹೊರಟಿದ್ದ ಐರಾವತವೂ ಹೋಗಲಿಲ್ಲ. ಐರಾವತಕ್ಕೆ ಹೆದರಿ ಆಟೋದವನು ಬರಲಿಲ್ಲ. ಹನ್ನೊಂದು ಗಂಟೆಗೆ ಆನೆ ಕಾವಲು ತಂಡದ ಧರ್ಮ ಬಂದ. ಅಂಗೈ, ಮೊಣಕಾಲು ಮುಳ್ಳು ಗೀರಿ ಕೆಂಪಾಗಿದ್ದವು. ಮಜ್ಜಿಗೆ ಕೊಟ್ಟೆ, ಒಂದೇ ಗುಟುಕಿಗೆ ಕುಡಿದ.

“ಅಕ್ಕಾ, ಬೆಳಗಿಂದ ಕೆರೆ ಏರಿ, ಲೈನ್ ಹಿಂದೆ, ಎಲ್ಲಾ ಕಡೆ ಹುಡುಕಿದ್ವಿ. ಒಂದು ಹೆಜ್ಜೆ ಇಲ್ಲ. ನಿಮ್ಮ ಕಣದಲ್ಲಿ ನಿಂತಿತ್ತಲ್ಲ, ಲದ್ದಿ ಎಲ್ಲೈತೆ?”

“ಗುಡಿಸ್ಬುಟ್ಟೆ” ಎಂದೆ. ಬಾಯಿಂದ ಹೊರಟೇ ಹೋಯಿತು.

“ಆನೆ ಲದ್ದೀನ?”

“ಕಣ ಗಲೀಜಾಗಿದ್ರೆ ನಂಗೆ ಆಗಲ್ಲ.”

ಅವನು ನನ್ನನ್ನೇ ನೋಡಿದ. ಆಮೇಲೆ ನಂಬಿದ. ಅದೇ ನನಗೆ ಚುಚ್ಚಿದ್ದು, ನಂಬಿಬಿಟ್ಟ. “ಮೂರು ವರ್ಷದಿಂದ ನಿಮ್ಮ ಮೆಸೇಜ್ ಬಂದ್ರೆ ನಾನು ಇನ್ನೊಬ್ಬರನ್ನ ಕೇಳಿಲ್ಲಕ್ಕ. ಒಂಟಿ ಸಲಗ ಅಂದ್ರೆ ಹುಡುಗಾಟ ಅಲ್ಲ. ಸಕಲೇಶಪುರದ ಕಡೆ ಏಳು ಆನೆ ಹಿಂದೆ ಇರೋ ನಮ್ಮ ಹುಡುಗ್ರನ್ನೂ ಇಲ್ಲಿಗೇ ಕರೆಸ್ತಿದೀನಿ.”

“ಹಂಗಾದ್ರೆ ಆ ಏಳು ಆನೆ?”

“ಒಂದೆರಡು ದಿನ ಆ ಕಡೆಯೋರು ಹುಷಾರಾಗಿರ್ಬೇಕು, ಇನ್ನೇನು ಮಾಡಾದು?”

ನನ್ನ ಮರ್ಯಾದೆಗಾಗಿ ಅಲ್ಲಿ ಯಾರನ್ನಾದರೂ ಆನೆ ತುಳಿದರೆ?

“ಧರ್ಮ, ನಾನು ಲದ್ದಿ ಗುಡಿಸ್ಲಿಲ್ಲ ಕಣೋ. ಅದು ಲದ್ದಿ ಹಾಕಲ್ಲ.”

“ಯಾಕಕ್ಕ, ಕಾಯಿಲೆನಾ?”

“ಪ್ಲಾಸ್ಟಿಕ್ಕು.”

“ಅಯ್ಯೋ ದೇವ್ರೇ, ಪ್ಲಾಸ್ಟಿಕ್ ತಿಂದ್ಬುಟ್ಟೈತಾ!”

ಹೇಳಿ ಪ್ರಯೋಜನವಿಲ್ಲ ಎಂದು ಅವನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಊಟದ ಮೇಜಿನ ಮುಂದೆ ನಿಲ್ಲಿಸಿದೆ. ಹಡಗನ್ನು ರಾತ್ರಿಯೇ ಕಣದಿಂದ ಒಳಗೆ ತಂದಿದ್ದೆವು. ಧರ್ಮ ಬಗ್ಗಿ ಅದರ ಮುಂಬದಿ ನೋಡಿದ, ಹಿಂಬದಿ ನೋಡಿದ, ಕೆಂಪು ಹೊಟ್ಟೆಯ ಮೇಲೆ ಬೆರಳಾಡಿಸಿದ. ನಗಲಿಲ್ಲ, ಬೈಯಲೂ ಇಲ್ಲ. ಫೋನು ತೆಗೆದು ತನ್ನ ಹುಡುಗರಿಗೆ ಅಲ್ಲೇ ಇರಲು ಹೇಳಿದ. “ಜನಕ್ಕೆ ನೀವೇ ಹೇಳ್ಬೇಕು ಅಕ್ಕ” ಎಂದು ಹೊರಟ.

ಹೇಳಿದೆ. ಕನ್ನಡಕ ಹಾಕಿಕೊಂಡು, ಒಂದಕ್ಷರ ಮುಚ್ಚಿಡದೆ ಬರೆದೆ. ಐರಾವತ ಎಂಬ ಆನೆ ಇಲ್ಲ, ಅದು ನನ್ನ ಗಂಡ ಕಟ್ಟಿದ ಆಟಿಕೆ ಹಡಗು, ತಪ್ಪು ನನ್ನದು, ಕ್ಷಮಿಸಿ. ‘ಆಟಿಕೆ’ ಎಂದಿದ್ದಕ್ಕೆ ನನ್ನ ಗಂಡ ಮುಖ ಊದಿಸಿಕೊಂಡರು. ಆ ಮನುಷ್ಯನಿಗೆ ಆಗಲೂ ಅದೇ ಚಿಂತೆ.

ನಂಬಿದವರು ಒಬ್ಬರೂ ಇಲ್ಲ.

‘ಅಕ್ಕನ್ನ ಯಾರೋ ಹೆದರಿಸವ್ರೆ.’

‘ಕೆಲ್ಸ ನಿಲ್ಬಾರ್ದು ಅಂತ ಎಸ್ಟೇಟ್‌ನೋರು ಹೇಳ್ಸವ್ರೆ.’

‘ಹಡಗಂತೆ! ಮಗ್ಗೇಲಿ ಹಡಗು!’

ಸೋಮಯ್ಯನವರು ಬರೆದಿದ್ದು ಒಂದೇ ಸಾಲು: ‘ನಾನು ಕಣ್ಣಾರೆ ಕಂಡಿದೀನಿ.’

ಬೇರೆ ದಾರಿ ಇರಲಿಲ್ಲ. ಸಂಜೆ ನಾಲ್ಕಕ್ಕೆ ಹಡಗನ್ನು ಮೊರದಲ್ಲಿಟ್ಟುಕೊಂಡು ಮಗ್ಗೆ ಸರ್ಕಲ್ಲಿಗೆ ನಡೆದೆ. ಹಿಂದೆ ನನ್ನ ಗಂಡ, “ಮೆತ್ತಗೆ, ಮೆತ್ತಗೆ, ಕಂಬ ಮುಟ್ಬೇಡ” ಎನ್ನುತ್ತ ಬಂದರು. ನಂಜಮ್ಮನ ಹೋಟೆಲಿನ ಮುಂದೆ ನಲವತ್ತು ಜನ ಸೇರಿದ್ದರು. ಮೊರವನ್ನು ಬೆಂಚಿನ ಮೇಲೆ ಇಟ್ಟೆ. ಎಲ್ಲರೂ ಬಗ್ಗಿದರು. ಯಾರೋ ಒಂದು ಫಿರಂಗಿ ತಿರುಗಿಸಿದರು, ಯಾರೋ ನನ್ನ ಕೂದಲಿನ ತಂತಿಯನ್ನು ಊದಿದರು. ನನ್ನ ಗಂಡ ಮೂರು ತಿಂಗಳಲ್ಲಿ ಮೊದಲ ಸಲ ಕೇಳುವವರು ಸಿಕ್ಕರಲ್ಲ ಎನ್ನುವ ಖುಷಿಯಲ್ಲಿ ಕಾಫಿ ಡಿಕಾಕ್ಷನ್ನಿನ ತುಕ್ಕಿನ ಬಗ್ಗೆ ಭಾಷಣ ಶುರುಮಾಡಿದರು.

ಹಣ್ಣು ಬಿಡಿಸುವ ಗುಂಪಿನ ಹುಲಿಯಮ್ಮ ಮಾತ್ರ ಹಡಗನ್ನು ನೋಡಲಿಲ್ಲ. ಅವಳು ನೋಡಿದ್ದು ನನ್ನನ್ನು. “ಇದು ಹಡಗು ಅನ್ನಾದು ಕಾಣ್ತೈತೆ. ಆದ್ರೆ ಸೋಮಯ್ಯನೋರು ನೋಡಿದ್ದು ಯಾವುದು? ನನ್ ಜೊತೆ ಹದಿನಾಲ್ಕು ಹೆಣ್ಮಕ್ಳು ಅವ್ರೆ. ನಾಳೆ ಇಳಿಯಾದಾ, ಬ್ಯಾಡ್ವಾ?”

ಎಲ್ಲರೂ ಸೋಮಯ್ಯನವರ ಕಡೆ ತಿರುಗಿದರು. ಅವರು ಒಪ್ಪದಿದ್ದರೆ ಉಳಿದ ಇಪ್ಪತ್ತೆರಡು ಜನರೂ ಒಪ್ಪುವವರಲ್ಲ. ಸೋಮಯ್ಯನವರು ಕನ್ನಡಕ ಒರೆಸಿ ಹಾಕಿಕೊಂಡರು. ಹಡಗಿನ ಕೆಂಪು ಹೊಟ್ಟೆ ನೋಡಿದರು. ಎಡಗಡೆ ಮುರಿದ ಫಿರಂಗಿ ನೋಡಿದರು. ಕೈ ಹಿಂದೆ ಕಟ್ಟಿಕೊಂಡು ಬೆಂಚಿನ ಸುತ್ತ ಒಂದು ಸುತ್ತು ಬಂದರು.

“ಇದೇ ಕಣ್ರೀ” ಎಂದರು ಕೊನೆಗೆ. “ನಾನು ನೋಡಿದ್ದು ಇದನ್ನೇ. ದೂರದಿಂದ ವಸಿ ದೊಡ್ಡದಾಗಿ ಕಾಣ್ತು.”

ಮೊದಲು ನಂಜಮ್ಮ ನಕ್ಕಳು, ಅವಳ ಹಿಂದೆ ಇಡೀ ಸರ್ಕಲ್ಲೇ ನಕ್ಕಿತು. ಕುಳ್ಳಯ್ಯ ಮಾತ್ರ ಪೆಚ್ಚಾಗಿ “ಹಂಗಾದ್ರೆ ಘೀಳಿಟ್ಟಿದ್ದು?” ಎಂದ. “ಅದು ನಾನು ಬಣ್ಣ ಹೊಡಿಯೋ ಕಂಪ್ರೆಸರ್ ಇರ್ಬೇಕು ಬಿಡು” ಎಂದರು ನನ್ನ ಗಂಡ. ಅವನ ಲೈನ್ ನಮ್ಮ ಮನೆಯಿಂದ ಎರಡು ಮೈಲಿ ದೂರ. ಆ ಗಳಿಗೆಯಲ್ಲಿ ಆ ಮನುಷ್ಯನ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಮರುದಿನ ಬೆಳಿಗ್ಗೆ ಧರ್ಮನನ್ನು ಕೇಳಿದೆ, ಅವನ ತಂಡದ ಇನ್ನೊಬ್ಬನನ್ನೂ ಕೇಳಿದೆ. ಆರಕ್ಕೆ ಬರೆದೆ: ‘ಇವತ್ತು ಮಗ್ಗೆ ಸುತ್ತ ಆನೆ ಇಲ್ಲ. ತೋಟಕ್ಕೆ ಇಳಿಯಬಹುದು.’ ಎಂದಿನಂತೆ ಒಂದೂ ಉತ್ತರ ಬರಲಿಲ್ಲ. ಗೇಟಿನ ಹತ್ತಿರ ಹೋಗಿ ನಿಂತೆ. ಆರೂವರೆ ಆಯಿತು, ಏಳಾಯಿತು. ಇನ್ನು ಮೇಲೆ ನನ್ನ ಮಾತಿಗೆ ಯಾರೂ ಹೆಜ್ಜೆ ಇಡುವುದಿಲ್ಲ ಎಂದುಕೊಂಡೆ.

ಏಳೂ ಕಾಲಿಗೆ ಜೀಪು ಬಂತು. ತುಂಬ ಹೆಂಗಸರು, ಬುಟ್ಟಿಗಳು. ನಮ್ಮ ಗೇಟಿನ ಮುಂದೆಯೇ ನಿಂತಿತು. ಹುಲಿಯಮ್ಮ ಫೋನು ಎತ್ತಿ ತೋರಿಸಿದಳು.

“ಮೆಸೇಜ್ ನೋಡಿದ್ವಿ. ನೀವೂ ಹತ್ರಿ ಅಕ್ಕಾ.”

“ನಾನ್ಯಾಕೆ?”

“ಇಲ್ಲ ಅಂದಿರಲ್ಲ. ನೀವು ಮುಂದೆ ನಡೀರಿ, ನಾವು ಹಿಂದೆ ಬರ್ತೀವಿ.”

ಅವಳ ಮಾತಿನಲ್ಲಿ ಕುಹಕ ಇರಲಿಲ್ಲ. ಮೂರು ವರ್ಷ ಮಂಚದ ಮೇಲೆ ಕೂತು ಬೆರಳಲ್ಲಿ ಒತ್ತಿ ಇವರನ್ನು ತೋಟಕ್ಕೆ ಇಳಿಸಿದ್ದೆ. ಒಂದು ದಿನವೂ ಜೊತೆಗೆ ಇಳಿದಿರಲಿಲ್ಲ. ಹವಾಯಿ ಚಪ್ಪಲಿಯಲ್ಲೇ ಜೀಪು ಹತ್ತಿದೆ, ಹುಲಿಯಮ್ಮ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು.

ತೋಟದ ಬಾಗಿಲಲ್ಲಿ ಎಲ್ಲರಿಗಿಂತ ಮೊದಲು ಇಳಿದೆ. ಗಿಡಗಳ ನಡುವಿನ ದಾರಿ ಇಬ್ಬನಿಗೆ ತೊಯ್ದು ಕತ್ತಲು ಕತ್ತಲಾಗಿತ್ತು. ಆನೆ ಇಲ್ಲ ಎಂದು ಬರೆದವಳು ನಾನೇ, ಆದರೂ ಒಮ್ಮೆ ನಿಂತು ಕಿವಿಗೊಟ್ಟೆ. ಹಿಂದೆ ಹದಿನೈದು ಜನ ಹೆಂಗಸರು ಬುಟ್ಟಿ ಹಿಡಿದು ಕಾಯುತ್ತಿದ್ದರು. ನಾನು ಸೆರಗು ಸಿಕ್ಕಿಸಿಕೊಂಡು ಮುಂದೆ ನಡೆದೆ.