ಹಸಿರು ದಾರದ ಗಂಟು

"ಇದೂ ಅಲ್ಲ," ಎಂದು ಅವಳು ಕೆಂಪು ಗಿಟಾರನ್ನು ಅಂಗಡಿಯವರ ಕೈಗೆ ವಾಪಸು ಕೊಟ್ಟಳು.

ಅಂಗಡಿಯವರು ಅದನ್ನು ಗೋಡೆಗೆ ನೇತುಹಾಕಿ ಕನ್ನಡಕವನ್ನು ಹಣೆಗೇರಿಸಿದರು. ಬೆಳಗಿನಿಂದ ಅವರ ಅರ್ಧ ಗೋಡೆ ಕೆಳಗಿಳಿದು ಮತ್ತೆ ಮೇಲೆ ಹತ್ತಿತ್ತು. "ಬಿಳೀದು ಬೇಡ, ಕಪ್ಪು ಬೇಡ, ಕೆಂಪೂ ಬೇಡ. ಎಂಥ ಸದ್ದು ಬೇಕು ಅಂತ ಒಂದ್ಸಲ ಬಾಯಿಬಿಟ್ಟು ಹೇಳಿಬಿಡಿ ತಾಯಿ."

"ಗಾಜಿನ ಲೋಟಕ್ಕೆ ಚಮಚ ತಾಗಿದ್ರೆ ಬರುತ್ತಲ್ಲ, ಅಂಥದ್ದು. ಸ್ಪಷ್ಟವಾಗಿರಬೇಕು, ಆದ್ರೆ ಕಿರುಚಬಾರದು."

"ಲೋಟ ಚಮಚ ಮನೇಲೇ ಇರುತ್ತಲ್ಲ, ಇಷ್ಟು ದೂರ ಯಾಕೆ ಬಂದ್ರಿ?"

ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಅಣ್ಣ ಜೋರಾಗಿ ನಕ್ಕ. ಅವಳಿಗೆ ನಗು ಬರಲಿಲ್ಲ. ಚುರುಕು ಸದ್ದಿನ ಗಿಟಾರುಗಳೆಲ್ಲ ಅವಳ ಕೈಯಲ್ಲಿ ಕಿರುಚುತ್ತಿದ್ದವು. ದಪ್ಪ ಸದ್ದಿನವು ಮೂಗು ಕಟ್ಟಿದವರಂತೆ ಗೊಣಗುತ್ತಿದ್ದವು. ಅಣ್ಣ ಮಾತ್ರ ಬಿಟ್ಟೂಬಿಡದೆ ದಪ್ಪ ಸದ್ದಿನ ಕಂದು ಗಿಟಾರಿನ ಕಡೆಗೇ ಬೆರಳು ತೋರಿಸುತ್ತಿದ್ದ.

"ಅದನ್ನೇ ತಗೊಳ್ಳೇ. ಗಿಟಾರ್ ಬದಲಾಯಿಸಿದ್ರೆ ಕೈ ಬದಲಾಗುತ್ತಾ? ನಿನ್ನ ಕೈ ಮಂದ ಕಣೇ. ಅದ್ರಲ್ಲಿ ತಪ್ಪೇನಿದೆ? ಹಿಂದೆ ನಿಂತು ಹಾಡನ್ನ ಹೊರೋಕೆ ಅಂಥ ಕೈನೇ ಬೇಕು."

ಕೈ ಮಂದ ಎಂಬ ಮಾತು ಅವಳಿಗೆ ಹೊಸದಲ್ಲ. ಅವಳಿಗೆ ಬೇಕಾದ ಸದ್ದೂ ಹೊಸದಲ್ಲ. ಚಿಕ್ಕವಳಿದ್ದಾಗ ಅಮ್ಮನ ಹೊಲಿಗೆ ಯಂತ್ರದ ಕೆಳಗೆ ಬಟ್ಟೆ ಚೂರುಗಳ ರಾಶಿಯಲ್ಲಿ ಮಲಗಿ, ಪಕ್ಕದ ಕೋಣೆಯಲ್ಲಿ ಅಣ್ಣ ನೀಲಿ ಗಿಟಾರು ಬಾರಿಸುವುದನ್ನು ಕೇಳುತ್ತಿದ್ದಳು. ಆ ಸದ್ದು ಯಂತ್ರದ ಗಡಗಡವನ್ನೂ ಸೀಳಿಕೊಂಡು ಬರುತ್ತಿತ್ತು. ಅಣ್ಣ ಹೊಸ ಗಿಟಾರು ಕೊಂಡ ದಿನ ನೀಲಿಯದನ್ನು ಇವಳ ಕೊರಳಿಗೆ ಹಾಕಿ, "ಇನ್ಮೇಲೆ ಇದು ನಿಂದು" ಎಂದಾಗ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಣ್ಣನ ತಂಡದ ಜೊತೆ ಬಾರಿಸಿದ ಮೊದಲ ಕಾರ್ಯಕ್ರಮದಲ್ಲಿ ಆ ಸದ್ದು ಅವಳ ಬೆರಳಿಗೂ ಬಂದಿತ್ತು. ಆಮೇಲೆ ಹೋದದ್ದು ಹೋಯಿತು. ಅದೇ ಗಿಟಾರು, ಅದೇ ತಂತಿ, ಸದ್ದು ಮಾತ್ರ ಕಂಬಳಿ ಹೊದ್ದಂತೆ. ಅವಳು ಉಗುರು ಕತ್ತರಿಸಿ ನೋಡಿದಳು, ಬೆಳೆಸಿ ನೋಡಿದಳು, ತೋಳು ನೋಯುವಷ್ಟು ಬಿಗಿಯಾಗಿ ಮೀಟಿ ನೋಡಿದಳು. ಕೊನೆಗೆ ತನ್ನ ಕೈಯನ್ನೇ ದ್ವೇಷಿಸಲು ಕಲಿತಳು.

"ನಿನ್ನ ಟೋನ್ ಸರಿಹೋದ ದಿನ ನಡುವಿನ ತುಣುಕು ನಿಂದೇ," ಎಂದು ಅಣ್ಣ ಮಾತು ಕೊಟ್ಟಿದ್ದ. ಹಾಡುಗಾರ ಬಾಯಿ ಮುಚ್ಚಿ ಗಿಟಾರೊಂದೇ ಮಾತಾಡುವ ತುಣುಕು ಅದು. ಅದಕ್ಕಾಗಿಯೇ ಅವಳು ಹಟ ಹಿಡಿದು ಈ ಅಂಗಡಿಗೆ ಬಂದಿದ್ದಳು.

ಹೊರಗೆ ಯಾರೋ ಹಾರ್ನ್ ಬಾರಿಸಿದರು. ತಂಡದ ವ್ಯಾನು ಯಾರದೋ ಗೇಟಿಗೆ ಅಡ್ಡ ನಿಂತಿತ್ತು. "ಒಂದ್ನಿಮಿಷ, ಗಾಡಿ ತೆಗೆದು ಬರ್ತೀನಿ," ಎಂದು ಅಣ್ಣ ಎದ್ದು ಹೋದ.

"ಈಗ ಯಾವುದು ಬಾರಿಸ್ತೀರಿ? ಅದನ್ನ ಕೇಳಿದ್ರೆ ನಂಗೂ ಒಂದು ಅಂದಾಜು ಸಿಗುತ್ತೆ," ಎಂದರು ಅಂಗಡಿಯವರು.

ಅವಳು ಬಾಗಿಲ ಬಳಿ ಒರಗಿಸಿದ್ದ ಚೀಲದಿಂದ ನೀಲಿ ಗಿಟಾರು ತೆಗೆದಳು. "ಅದನ್ಯಾಕೆ ಹೊತ್ಕೊಂಡು ಬರ್ತೀಯ?" ಎಂದು ಮನೆಯಲ್ಲಿ ಅಣ್ಣ ಗೊಣಗಿದ್ದರೂ ತಂದಿದ್ದಳು. ವೈರು ಚುಚ್ಚಿದ ಕೂಡಲೇ ಆಂಪ್ಲಿಫೈಯರಿನಿಂದ ಕರಕರ ಎಂಬ ಸದ್ದು ಹೊರಟಿತು.

"ಒಳಗಡೆ ಏನೋ ಸಡಿಲ ಆಗಿದೆ. ಬಿಚ್ಚಲಾ?"

ಅವಳು ಒಂದು ಗಳಿಗೆ ಹಿಂಜರಿದಳು. ಈ ಗಿಟಾರಿನ ಹೊಟ್ಟೆಗೆ ಅಣ್ಣನನ್ನು ಬಿಟ್ಟು ಬೇರೆ ಯಾರೂ ಕೈ ಹಾಕಿರಲಿಲ್ಲ, ಹಾಕಲು ಅವನು ಬಿಟ್ಟೂ ಇರಲಿಲ್ಲ. 'ನಿಮ್ಮಣ್ಣ ನಿನ್ನ ಗಿಟಾರನ್ನ ಮಗು ಥರ ನೋಡ್ಕೋತಾನೆ' ಎಂದು ತಂಡದವರು ಹೇಳಿದಾಗಲೆಲ್ಲ ಅವಳು ಒಳಗೊಳಗೇ ಬೀಗುತ್ತಿದ್ದಳು. "ಬಿಚ್ಚಿ," ಎಂದಳು.

ಅಂಗಡಿಯವರು ತಿರುಪುಗಳನ್ನು ಬಿಚ್ಚಿ ಮುಚ್ಚಳ ಎತ್ತಿದರು. ಸಡಿಲವಾದ ವೈರು ಕೂಡಲೇ ಸಿಕ್ಕಿತು. ಅದನ್ನು ಬೆಸೆದು ಮುಗಿಸಿದರೂ ಅವರು ತಲೆ ಎತ್ತಲಿಲ್ಲ. "ಇದನ್ಯಾರು ಹಾಕಿದ್ದು?" ಎಂದು ಕಡಲೆಕಾಳಿನಷ್ಟು ದೊಡ್ಡ ಬಿಲ್ಲೆಯೊಂದನ್ನು ಚಿಮಟದಿಂದ ತೋರಿಸಿದರು. "ಇದಕ್ಕೂ ಗಿಟಾರಿಗೂ ಸಂಬಂಧವೇ ಇಲ್ಲ. ಟೋನಿನ ಗುಂಡಿಗೆ ಒಂದು ಇದೆ, ಸರಿ. ಇದು ಬೇರೆ, ಬೇಕಂತಲೇ ಹಾಕಿರೋದು. ಚುರುಕು ಸದ್ದನ್ನೆಲ್ಲ ಒಳಗೇ ನುಂಗಿಬಿಡುತ್ತೆ. ಇದು ಇರೋವರೆಗೂ ನೀವು ಯಾವ ಗುಂಡಿ ತಿರುಗಿಸಿದ್ರೂ ಅಷ್ಟೇ."

ಅವಳು ಬಗ್ಗಿ ನೋಡಿದಳು. ಬಿಲ್ಲೆಯ ಎರಡೂ ಕಾಲಿಗೆ ಹಸಿರು ದಾರ ಸುತ್ತಿ ಪುಟ್ಟ ಗಂಟು ಹಾಕಲಾಗಿತ್ತು.

ಲೋಕದಲ್ಲಿ ಬೆಸುಗೆಯ ಮೇಲೆ ದಾರ ಸುತ್ತುವವನು ಒಬ್ಬನೇ. ಬೆಸುಗೆ ಆರಿದ ಮೇಲೆ ಅಮ್ಮನ ಹೊಲಿಗೆ ಪೆಟ್ಟಿಗೆಯ ದಾರ ಸುತ್ತಿ, ಗುಂಡಿ ಹೊಲಿದವರಂತೆ ಗಂಟು ಹಾಕಿ, ಹಲ್ಲಿನಿಂದ ಕತ್ತರಿಸುತ್ತಿದ್ದ. ತಂಡದ ಡ್ರಮ್ಮಿನವನು ಆಡಿಕೊಳ್ಳುತ್ತಿದ್ದ: 'ಟೈಲರಮ್ಮನ ಮಗ ವೈರಿಗೂ ಅಂಗಿ ಹೊಲೀತಾನೆ.' ನಂಬಿದ ಕೈಯೇ ಅವಳ ಸದ್ದಿಗೆ ಗಂಟು ಹಾಕಿತ್ತು, ಅದೂ ಎಷ್ಟು ಅಚ್ಚುಕಟ್ಟಾಗಿ!

"ಕತ್ತರಿಸಿ," ಎಂದಳು.

ಬಾಗಿಲು ಕಿರ್ರೆಂದಿತು. ಬೆರಳಲ್ಲಿ ವ್ಯಾನಿನ ಕೀ ತಿರುಗಿಸುತ್ತ ಒಳಬಂದ ಅಣ್ಣ, ಬಿಚ್ಚಿದ ನೀಲಿ ಗಿಟಾರನ್ನು ನೋಡಿದ. ಕತ್ತರಿಸಿ ಮೇಜಿನ ಮೇಲಿಟ್ಟಿದ್ದ ಹಸಿರು ದಾರದ ಬಿಲ್ಲೆಯನ್ನೂ ನೋಡಿದ. ಕೀ ತಿರುಗುವುದು ನಿಂತಿತು.

"ಯಾವಾಗ ಹಾಕಿದೆ ಅಣ್ಣ?"

ಅವನು ಅಂಗಡಿಯವರ ಮುಖ ನೋಡಿದ. ಅವರು ತಿರುಪುಗಳಲ್ಲೇ ಮುಳುಗಿದ್ದರು.

"ಮೊದಲನೇ ಕಾರ್ಯಕ್ರಮ ಆದ್ಮೇಲೆ," ಎಂದ. "ಅವತ್ತು ಜನ ಎಲ್ಲ ನಿನ್ನ ಕಡೆಗೇ ತಿರುಗಿದ್ರು. ಎರಡು ಗಿಟಾರೂ ಒಂದೇ ಥರ ಕೂಗಿದ್ರೆ ಹಾಡು ಕೆಡುತ್ತೆ ಅಂತ ಹಾಕಿದೆ. ಒಂದು ಸಲಕ್ಕೆ ಅಂತಲೇ ಹಾಕಿದ್ದು ಕಣೇ. ಆಮೇಲೆ ತೆಗೆಯೋಕೆ ಮನಸ್ಸು ಬರ್ಲಿಲ್ಲ."

"ಹಾಕಿದ್ದಕ್ಕೆ ಅಲ್ಲ ನಾನು ಕೇಳ್ತಿರೋದು. ಹಿಂದೆ ನಿಂತ್ಕೋ ಅಂತ ಹೇಳಿದ್ರೆ ನಿಂತ್ಕೋತಿದ್ದೆ. ಕೈ ಮಂದ ಅಂದ್ಯಲ್ಲ! ನಾನು ನನ್ನ ಕೈನ ಬೈದ್ಕೊಂಡು ಅಳ್ತಿದ್ದಾಗ ಪಕ್ಕದಲ್ಲೇ ಕೂತು ತಲೆ ಸವರಿದ್ಯಲ್ಲ!"

ಅಂಗಡಿಯವರು ಕೊನೆಯ ತಿರುಪು ಬಿಗಿದು, ಗಿಟಾರನ್ನು ಅವಳ ಕೈಗಿಟ್ಟು ಪಕ್ಕಕ್ಕೆ ಸರಿದರು.

ಅವಳು ನಡುವಿನ ತುಣುಕನ್ನು ಎತ್ತಿಕೊಂಡಳು. ಮೊದಲ ಮೀಟಿಗೇ ಅಂಗಡಿಯ ಗಾಜು ಜುಂ ಎಂದಿತು. ಆ ಸದ್ದು ಇತ್ತು, ಅದರೊಳಗೆ ಎಲ್ಲೋ ಇತ್ತು. ಆದರೆ ಅದನ್ನು ಮುಚ್ಚಿಹಾಕುವಂತೆ ಗಿಟಾರು ಕಿರುಚಿತು. ಮತ್ತೆ ಮೀಟಿದಳು. ಮತ್ತೂ ಕಿರುಚಿತು. ಇಷ್ಟು ವರ್ಷ ಕಂಬಳಿಯ ಮೇಲಿಂದ ಬಡಿದು ಬಡಿದು ಅವಳ ಕೈಗೆ ಬಡಿಯುವುದೊಂದೇ ಗೊತ್ತಿತ್ತು.

"ಮೆತ್ತಗೆ, ತಾಯಿ. ಕಿವುಡರ ಜೊತೆ ಸಂಸಾರ ಮಾಡಿದವರ ಹಾಗೆ ಬಾರಿಸ್ತೀರಲ್ಲ," ಎಂದರು ಅಂಗಡಿಯವರು.

ಮೂರನೆಯ ಮೀಟಿಗೆ ತೆಳ್ಳನೆಯ ತಂತಿ ಟಪ್ಪೆಂದು ಹರಿದು ಅವಳ ಮಣಿಕಟ್ಟಿಗೆ ಬಡಿಯಿತು.

ಅಣ್ಣನ ಕೈ ತಾನಾಗಿಯೇ ಜೇಬಿಗೆ ಹೋಯಿತು. ಅವಳು ತಂತಿ ಹರಿಯುತ್ತಾಳೆಂದು ಅವನು ಯಾವಾಗಲೂ ಒಂದನ್ನು ಸುತ್ತಿ ಇಟ್ಟುಕೊಂಡಿರುತ್ತಿದ್ದ; ಪ್ರತಿ ಸಲವೂ ಅವನೇ ಕಟ್ಟಿಕೊಡುತ್ತಿದ್ದ. ಈಗಲೂ ಅಂಗೈ ಮೇಲೆ ಬಳೆಯಂತೆ ಸುತ್ತಿದ ತಂತಿ ಹಿಡಿದು ಮುಂದೆ ಬಂದ. "ಕೊಡೇ ಇಲ್ಲಿ, ಕಟ್ಟಿಕೊಡ್ತೀನಿ."

ಅವಳು ಆ ಅಂಗೈಯನ್ನೇ ನೋಡಿದಳು. ಎಷ್ಟು ಪ್ರೀತಿಯ ಕೈ ಎಂದುಕೊಂಡಿದ್ದಳು.

"ನಂಗೊಂದು ತಂತಿ ಕೊಡ್ತೀರಾ?" ಎಂದು ಅಂಗಡಿಯವರನ್ನು ಕೇಳಿದಳು.

ಅವಳು ಎಂದೂ ತಾನಾಗಿ ತಂತಿ ಕಟ್ಟಿರಲಿಲ್ಲ. ತುದಿಯನ್ನು ತೂತಿಗೆ ತೂರಿಸಿ ತಂತಿ ಬಿಗಿಯುವ ಬಿರಡೆಯನ್ನು ತಿರುಗಿಸಿದಳು. ತಂತಿ ಸಡಿಲಾಗಿ ಜಾರಿಕೊಂಡಿತು.

"ಆ ಕಡೆ ಅಲ್ಲ ಕಣೇ," ಎಂದ ಅಣ್ಣ, ಮೆಲ್ಲಗೆ.

ಅವಳು ತಲೆ ಎತ್ತಲಿಲ್ಲ. ಮತ್ತೆ ತೂರಿಸಿದಳು, ಈ ಸಲ ಇನ್ನೊಂದು ಕಡೆಗೆ ತಿರುಗಿಸಿದಳು. ತಂತಿ ಬಿಗಿಯಾಗುತ್ತ ಬಂತು. ಬೆರಳ ತುದಿಯಿಂದ, ಬರಿದೇ ತಾಗಿಸಿದಂತೆ, ಒಮ್ಮೆ ಮುಟ್ಟಿ ಕಿವಿಗೊಟ್ಟಳು. ಇನ್ನಷ್ಟು ತಿರುಗಿಸಿ ಇನ್ನೊಮ್ಮೆ ಮುಟ್ಟಿದಳು. ಅಣ್ಣ ತಂತಿಯ ಬಳೆಯನ್ನು ಅಂಗೈ ಮೇಲೆ ಹಿಡಿದುಕೊಂಡು ನಿಂತೇ ಇದ್ದ.